ದೊಡ್ಡಬಳ್ಳಾಪುರದಿಂದ ಘಾಟಿಯವರೆಗೆ ಗರಸು ದಾರಿಯ ಸೈಕಲ್ ಸವಾರಿ: ಒಂದು ವಿಮರ್ಶೆ

ಬೆಂಗಳೂರಿನ ಸೈಕಲ್ ತಂಡವೊಂದು ಚಳಿಗಾಲದ ಭಾನುವಾರಗಳಲ್ಲಿ ದೊಡ್ಡಬಳ್ಳಾಪುರದಿಂದ ಹೊರಟು ಘಾಟಿ ಸುಬ್ರಹ್ಮಣ್ಯ ಮತ್ತು ಮಾಕಳಿದುರ್ಗದ ಸುತ್ತಿನ ಹಳ್ಳಿಗಳ ಮೂಲಕ ಗ್ರಾವೆಲ್, ಅಂದರೆ ಗರಸು ದಾರಿಯ, ಸವಾರಿಯನ್ನು ನಡೆಸುತ್ತದೆ. ಸುಮಾರು 50 ಕಿಲೋಮೀಟರಿನ ಈ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಡಾಂಬರು ಕಾಣದ ಬಂಡಿಜಾಡು, ಕೆರೆ ಏರಿ ಮತ್ತು ತೋಪಿನೊಳಗಿನ ಮಣ್ಣುದಾರಿ. ದಾರಿಯನ್ನು ಆರಿಸಿದ ಬಗೆಯಲ್ಲಿಯೂ ಗುಂಪನ್ನು ನಡೆಸುವ ಕ್ರಮದಲ್ಲಿಯೂ ಇದು ನಾನು ಪಾಲ್ಗೊಂಡ ಸವಾರಿಗಳಲ್ಲಿ ಅತ್ಯುತ್ತಮವಾದದ್ದು. ಬಾಡಿಗೆಗೆ ಕೊಡುವ ಸೈಕಲ್‌ಗಳ ವಿಷಯದಲ್ಲಿ ಮಾತ್ರ ಅಷ್ಟೇ ಶ್ರದ್ಧೆ ಕಾಣಲಿಲ್ಲ.

ನಗರದ ಸೈಕಲ್ ಸವಾರರಿಗೆ ಉತ್ತರ ದಿಕ್ಕು ಎಂದೊಡನೆ ನೆನಪಾಗುವುದು 1,478 ಮೀಟರ್ ಎತ್ತರದ ನಂದಿ ಬೆಟ್ಟ. ವಾರಾಂತ್ಯದ ಬೆಳಗಿನ ಹೊತ್ತು ಆ ರಸ್ತೆಯಲ್ಲಿ ಕಾರು ಮತ್ತು ಬೈಕುಗಳ ದಟ್ಟಣೆ ಹೇಗಿರುತ್ತದೆ ಎಂಬುದನ್ನು ಅಲ್ಲಿ ಹತ್ತಿದವರಿಗೆ ಹೇಳಬೇಕಾಗಿಲ್ಲ. ಅದೇ ಬೆಟ್ಟಸಾಲಿನ ಪಶ್ಚಿಮಕ್ಕೆ, ಹೊಲಗಳ ನಡುವೆ ಹಾದುಹೋಗುವ ಗರಸು ದಾರಿಗಳು ಬಹುಮಟ್ಟಿಗೆ ಖಾಲಿಯಾಗಿರುತ್ತವೆ. ರಸ್ತೆ ಸೈಕಲ್ಲಿನಂತೆಯೇ ಬಾಗಿದ ಹ್ಯಾಂಡಲ್ ಇದ್ದರೂ, ನಲವತ್ತು ಮಿಲಿಮೀಟರಿನ ಆಸುಪಾಸಿನ ಅಗಲವಾದ ಟೈರು, ಡಿಸ್ಕ್ ಬ್ರೇಕು ಮತ್ತು ಏರು ಹತ್ತಲು ನೆರವಾಗುವ ಹಗುರ ಗೇರುಗಳಿರುವ ಗ್ರಾವೆಲ್ ಸೈಕಲ್ಲಿಗೆ ಇಂತಹ ನೆಲವೇ ಸರಿಯಾದ ಜಾಗ.

ಮಗ್ಗಗಳ ಸದ್ದು ಆಗಲೇ ಶುರುವಾಗಿರುವ ಪಟ್ಟಣದ ಬೀದಿಗಳನ್ನು ದಾಟಿದ ಮೇಲೆ ದಾರಿ ಬೇಗನೆ ಹೊಲಗಳಿಗೆ ಇಳಿಯುತ್ತದೆ. ಡಿಸೆಂಬರಿನ ಹೊತ್ತಿಗೆ ರಾಗಿ ಕೊಯ್ಲು ಬಹುತೇಕ ಮುಗಿದಿದ್ದು, ಅಕ್ಕಡಿ ಸಾಲಿನಲ್ಲಿ ಬಿತ್ತಿದ ಅವರೆ ಮಾತ್ರ ಕೂಳೆಯ ನಡುವೆ ಹಸಿರಾಗಿ ನಿಂತಿರುತ್ತದೆ. ಅದರ ಸೊಗಡು ಸೈಕಲ್ ಮೇಲೆ ಕುಳಿತವರಿಗೂ ತಲುಪುತ್ತದೆ. ಮುಂದೆ ಬರುವ ನೀಲಗಿರಿ ತೋಪುಗಳಲ್ಲಿ ಎಚ್ಚರ ಬೇಕು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ ಮೇಲೂ ಉಳಿದುಕೊಂಡಿರುವ ಹಳೆಯ ತೋಪುಗಳವು. ಅಲ್ಲಿನ ಒಣ ತರಗು ಚಕ್ರದ ಜಾಡಿನ ಹಳ್ಳಗಳನ್ನು ಪೂರಾ ಮುಚ್ಚಿರುವುದರಿಂದ ಮುಂಗಾಲಿ ಎಲ್ಲಿ ಕುಸಿಯುತ್ತದೆಂದು ತಿಳಿಯುವುದಿಲ್ಲ. ಆಯೋಜಕರು ಈ ತುಂಡನ್ನು ಮೊದಲೇ ವಿವರಿಸಿ, ತೋಪಿನ ಬಾಯಲ್ಲಿ ಎಲ್ಲರನ್ನೂ ನಿಲ್ಲಿಸಿ, ಒಬ್ಬರಿಂದ ಒಬ್ಬರು ಸಾಕಷ್ಟು ದೂರ ಬಿಟ್ಟು ಒಳಗೆ ಹೋಗುವಂತೆ ಮಾಡಿದರು. ಮಾಕಳಿದುರ್ಗದ ಬುಡದಲ್ಲಿ ರೈಲು ಹಳಿಗೆ ಸಮೀಪವಾಗಿ ಸಾಗುವ ಭಾಗ ಇಡೀ ದಾರಿಯ ಸೊಬಗು. ಎಡಬಿಡದ ಏರಿಳಿತ, ಬಂಡೆ, ಕುರುಚಲು ಕಾಡು, ಮತ್ತೆ ಸಡಿಲ ಜಲ್ಲಿ. ಸುಬ್ರಹ್ಮಣ್ಯ ಮತ್ತು ನರಸಿಂಹ ಒಂದೇ ಶಿಲೆಯಲ್ಲಿರುವ ಘಾಟಿಯ ದೇವಸ್ಥಾನದಲ್ಲಿ ಹಿಂಬದಿಯ ನರಸಿಂಹನನ್ನು ಕನ್ನಡಿಯಲ್ಲಿ ನೋಡಬೇಕು. ದರ್ಶನಕ್ಕೆ ಹೋಗಬಯಸುವವರಿಗಾಗಿ ತಂಡ ಅಲ್ಲಿ ಅವಸರಪಡಿಸದೆ ಕಾಯುತ್ತದೆ. ದನಗಳ ಜಾತ್ರೆ ನಡೆಯುವ ದಿನಗಳಲ್ಲಿ ಘಾಟಿಯನ್ನು ಬಿಟ್ಟು ಬೇರೆ ದಾರಿ ಹಿಡಿಯುತ್ತಾರಂತೆ. ಅದು ಸರಿಯಾದ ತೀರ್ಮಾನ.

ಗುಂಪನ್ನು ನಡೆಸುವ ಕ್ರಮವೇ ಈ ಸವಾರಿಯ ನಿಜವಾದ ಬೆಲೆ. ಮುಂದೆ ದಾರಿ ಬಲ್ಲವರೊಬ್ಬರು, ಕೊನೆಯ ಸವಾರನ ಹಿಂದೆ ಪಂಕ್ಚರ್ ಸಾಮಾನು ಮತ್ತು ಪ್ರಥಮ ಚಿಕಿತ್ಸೆಯ ಚೀಲ ಹೊತ್ತ ಇನ್ನೊಬ್ಬರು ಇರುತ್ತಾರೆ. ಪ್ರತಿ ಕವಲಿನಲ್ಲಿಯೂ ಹಿಂದಿನವರು ಬಂದು ಸೇರುವವರೆಗೆ ಎಲ್ಲರೂ ನಿಲ್ಲಬೇಕು, ಮತ್ತು ಕೊನೆಗೆ ಬಂದವರು ಉಸಿರು ತಿರುಗಿಸಿಕೊಂಡ ಮೇಲೆಯೇ ಹೊರಡಬೇಕು. ಅನೇಕ ಗುಂಪುಗಳಲ್ಲಿ ನಿಧಾನವಾಗಿ ಬರುವವರು ತಲುಪುತ್ತಿದ್ದಂತೆಯೇ ಮುಂದಿನವರು ಹೊರಟುಬಿಡುವುದರಿಂದ, ವಿಶ್ರಾಂತಿ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಸಿಗುವುದಿಲ್ಲ. ಹಳ್ಳಿಯವರ ವಿಷಯದಲ್ಲಿ ತಂಡ ತೋರುವ ಮರ್ಯಾದೆ ನನಗೆ ಇನ್ನೂ ಹಿಡಿಸಿತು. ಒಕ್ಕಣೆಗೆಂದು ರಸ್ತೆಯ ಮೇಲೆ ರಾಗಿ ತೆನೆ ಹರಡಿದ್ದ ಕಡೆ ಎಲ್ಲರೂ ಇಳಿದು ಅಂಚಿನಲ್ಲಿ ಸೈಕಲ್ ತಳ್ಳಿಕೊಂಡು ನಡೆದರು. ಕುರಿಮಂದೆ ಎದುರಾದಾಗ ಗಂಟೆ ಬಾರಿಸದೆ ಬದಿಗೆ ನಿಂತರು. ಬಿತ್ತಿದ ಹೊಲದ ಬದುವಿನ ಮೇಲೆ ಸೈಕಲ್ ಹತ್ತಿಸಲು ಯಾರಿಗೂ ಅವಕಾಶವಿರಲಿಲ್ಲ. ಇನ್ನೊಬ್ಬರು ದುಡಿಯುವ ನೆಲದಲ್ಲಿ ನಾವು ವಿಹಾರಕ್ಕೆ ಹೋಗುತ್ತಿರುವಾಗ ಇಷ್ಟು ಎಚ್ಚರ ಇರಲೇಬೇಕು.

ಕೊರತೆ ಇರುವುದು ಬಾಡಿಗೆ ಸೈಕಲ್‌ಗಳಲ್ಲಿ. ಸೈಕಲ್‌ಗಳೇನೋ ಒಳ್ಳೆಯವೇ. ಆದರೆ ನನಗೆ ಕೊಟ್ಟ ಸೈಕಲ್ಲಿನ ಟೈರಿಗೆ 60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ತುಂಬಿದ್ದರು. ಅಷ್ಟು ಅಗಲದ ಟೈರಿಗೆ, ಸಾಧಾರಣ ತೂಕದ ಸವಾರನಿಗೆ, ಗರಸು ನೆಲದಲ್ಲಿ ಮೂವತ್ತೈದರಿಂದ ನಲವತ್ತು ಸಾಕು. ಗಾಳಿ ಹೆಚ್ಚಾದರೆ ಚಕ್ರ ಕಲ್ಲಿಂದ ಕಲ್ಲಿಗೆ ಪುಟಿಯುತ್ತದೆ, ಹಿಡಿತ ತಪ್ಪುತ್ತದೆ, ಅಂಗೈ ಜೋಮುಹಿಡಿಯುತ್ತದೆ. ಹೊಸಬರು ತಮ್ಮ ಶಕ್ತಿ ಸಾಲದೆಂದು ತಿಳಿದು ಹಿಂಜರಿಯುತ್ತಾರೆ. ಇದಕ್ಕಿಂತ ಗಂಭೀರವಾದ ವಿಷಯವೆಂದರೆ ಕೆಲವು ಸೈಕಲ್‌ಗಳು ಇನ್ನೂ ಟ್ಯೂಬಿನ ಮೇಲೆಯೇ ಓಡುತ್ತಿವೆ. ಕೆರೆ ಏರಿಗಳ ಇಕ್ಕೆಲದಲ್ಲಿಯೂ ಜಾಲಿ ಬೆಳೆದಿರುವ ಈ ಸೀಮೆಯಲ್ಲಿ ಸಣ್ಣ ರಂಧ್ರವನ್ನು ತಾನೇ ಮುಚ್ಚುವ ಸೀಲೆಂಟ್ ದ್ರವವಿರುವ ಟ್ಯೂಬ್‌ಲೆಸ್ ಟೈರು ಅನಿವಾರ್ಯ. ಆ ದಿನ ಮುಳ್ಳಿನಿಂದಾದ ಪಂಕ್ಚರ್‌ಗಳೆಲ್ಲ ಟ್ಯೂಬಿನ ಸೈಕಲ್‌ಗಳಿಗೇ ಆದವು, ಮತ್ತು ಪ್ರತಿ ಸಲವೂ ಇಡೀ ಗುಂಪು ಬಿಸಿಲಿನಲ್ಲಿ ಕಾಯಬೇಕಾಯಿತು.

ಊಟೋಪಚಾರದ ಬಗ್ಗೆ ದೂರಿಲ್ಲ. ಅವರೆಕಾಳಿನ ಉಪ್ಪಿಟ್ಟು ಬಿಸಿಯಾಗಿಯೇ ಸಿಕ್ಕಿತು. ಶುಲ್ಕವೂ ದುಬಾರಿ ಎನಿಸಲಿಲ್ಲ. ಡಾಂಬರು ರಸ್ತೆಯಲ್ಲಿ ಮೂವತ್ತು ಕಿಲೋಮೀಟರ್ ಸಲೀಸಾಗಿ ತುಳಿಯಬಲ್ಲವರು ಧೈರ್ಯವಾಗಿ ಹೆಸರು ಕೊಡಬಹುದು, ಏಕೆಂದರೆ ಇಲ್ಲಿ ವೇಗವನ್ನು ಯಾರೂ ಕೇಳುವುದಿಲ್ಲ. ಸ್ವಂತ ಗ್ರಾವೆಲ್ ಸೈಕಲ್ಲಾಗಲಿ ಅಗಲ ಟೈರಿನ ಎಂಟಿಬಿಯಾಗಲಿ (ಮೌಂಟನ್ ಬೈಕ್) ಇದ್ದರೆ ಅದನ್ನೇ ತರುವುದು ಒಳ್ಳೆಯದು. ಬಾಡಿಗೆಗೆ ಪಡೆಯುವವರು ಟ್ಯೂಬ್‌ಲೆಸ್ ಸೈಕಲ್ಲೇ ಬೇಕೆಂದು ಹೆಸರು ನೋಂದಾಯಿಸುವಾಗಲೇ ಕೇಳಬೇಕು, ಹೊರಡುವ ಮುನ್ನ ಗಾಳಿಯ ಒತ್ತಡವನ್ನು ತಮ್ಮೆದುರೇ ಅಳೆಯಿಸಿಕೊಳ್ಳಬೇಕು.