ಗಂಡಸರ ಗರ್ಭನಿರೋಧಕದ ಬಗ್ಗೆ ಬಳ್ಳಾರಿಯ ಕ್ಲಿನಿಕ್ಕಿನಲ್ಲಿ ದೊರೆತ ಸಲಹೆ

ಎರಡನೆಯ ಮಗುವಾದ ಮೇಲೆ ಗರ್ಭನಿರೋಧಕ ಮಾತ್ರೆಗಳಿಂದ ನನ್ನ ಹೆಂಡತಿ ಪಟ್ಟ ಪಾಡನ್ನು ಕಣ್ಣಾರೆ ಕಂಡಿದ್ದರಿಂದ, ಇನ್ನು ಈ ಹೊಣೆ ನನ್ನದಾಗಲಿ ಎಂದು ನಿಶ್ಚಯಿಸಿ, ಕಳೆದ ತಿಂಗಳು ಸಿರುಗುಪ್ಪದಿಂದ ಬಳ್ಳಾರಿಯ ಗಾಂಧಿನಗರದಲ್ಲಿರುವ ಖಾಸಗಿ ಕ್ಲಿನಿಕ್ಕೊಂದಕ್ಕೆ ಇಬ್ಬರೂ ಹೋಗಿದ್ದೆವು. ಗಂಡಸರ ಹಾರ್ಮೋನಾದ ಟೆಸ್ಟೋಸ್ಟೆರಾನಿನ ಚುಚ್ಚುಮದ್ದು ತೆಗೆದುಕೊಳ್ಳುವಷ್ಟು ಕಾಲ ಮಕ್ಕಳಾಗುವುದಿಲ್ಲ ಎಂದು ಜಿಮ್ಮಿನ ಗೆಳೆಯನೊಬ್ಬ ಹೇಳಿದ್ದನ್ನು ನಾನು ನಂಬಿಬಿಟ್ಟಿದ್ದೆ. ಅಲ್ಲಿನ ವೈದ್ಯೆ ನಗದೆ, ಗದರದೆ, ಮುಕ್ಕಾಲು ಗಂಟೆ ಕುಳಿತು ವಿವರಿಸಿದರು.

ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದಾಗ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ವೃಷಣಗಳನ್ನು ಪ್ರಚೋದಿಸುವ ಎರಡು ಹಾರ್ಮೋನುಗಳನ್ನು ಕಡಿಮೆ ಮಾಡುತ್ತದೆ. ಆಗ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಸಾಕಷ್ಟಿದ್ದರೂ ವೃಷಣದೊಳಗೆ ಅದು ಕುಸಿದು, ವೀರ್ಯಾಣುಗಳ ಉತ್ಪತ್ತಿ ಕುಗ್ಗುತ್ತದೆ. ಒಂದು ವೀರ್ಯಾಣು ತಯಾರಾಗಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕಾಗುವುದರಿಂದ ಪರಿಣಾಮ ತಕ್ಷಣ ಕಾಣುವುದಿಲ್ಲ. ಮುಖ್ಯವಾದ ಮಾತೆಂದರೆ, ಎಲ್ಲ ಗಂಡಸರ ಮೈಯೂ ಇದಕ್ಕೆ ಒಂದೇ ರೀತಿ ಓಗೊಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನವೊಂದು 1990ರಲ್ಲಿ ಪ್ರಕಟವಾಯಿತು. ಅದರಲ್ಲಿ ವಾರಕ್ಕೊಮ್ಮೆ 200 ಮಿಲಿಗ್ರಾಂ ಚುಚ್ಚುಮದ್ದು ಪಡೆದವರ ಪೈಕಿ ಆರು ತಿಂಗಳೊಳಗೆ ವೀರ್ಯಾಣು ಪೂರ್ತಿ ಇಲ್ಲವಾದದ್ದು ಸುಮಾರು ಮೂರರಲ್ಲಿ ಎರಡು ಪಾಲು ಜನರಲ್ಲಿ ಮಾತ್ರ. ಸಾವಿರಕ್ಕೂ ಹೆಚ್ಚು ಗಂಡಸರು ಭಾಗವಹಿಸಿದ್ದ, 2009ರಲ್ಲಿ ಪ್ರಕಟವಾದ ಚೀನಾದ ಅಧ್ಯಯನದಲ್ಲಿ ಫಲಿತಾಂಶ ಬಹಳ ಉತ್ತಮವಾಗಿತ್ತಾದರೂ, ಶೇ. 4.8 ಮಂದಿಯಲ್ಲಿ ವೀರ್ಯಾಣುಗಳ ಸಂಖ್ಯೆಯು, ಗರ್ಭ ತಡೆಯಲು ಸಾಕೆಂದು ಇಟ್ಟುಕೊಂಡಿದ್ದ ಮಿಲಿಲೀಟರಿಗೆ 10 ಲಕ್ಷದ ಮಟ್ಟಕ್ಕೆ ಇಳಿಯಲೇ ಇಲ್ಲ. ಟೆಸ್ಟೋಸ್ಟೆರಾನಿನ ಜೊತೆಗೆ ಪ್ರೊಜೆಸ್ಟಿನ್ (ಹೆಂಗಸರ ಗರ್ಭನಿರೋಧಕ ಮಾತ್ರೆಗಳಲ್ಲೂ ಇರುವ ಬಗೆಯ ಹಾರ್ಮೋನು) ಸೇರಿಸಿದರೆ ಪರಿಣಾಮ ಹೆಚ್ಚುತ್ತದೆ. ಇವೆರಡೂ ಇರುವ, ಭುಜಕ್ಕೆ ದಿನವೂ ಹಚ್ಚಿಕೊಳ್ಳುವ ಜೆಲ್ ಒಂದು ಪ್ರಯೋಗದ ಹಂತದಲ್ಲಿದೆ. ಮದ್ದು ನಿಲ್ಲಿಸಿದ ಮೇಲೆ ಸಂಖ್ಯೆ ಮರಳಲು ತಿಂಗಳುಗಳೇ ಬೇಕು. ವೀರ್ಯ ಪರೀಕ್ಷೆಯಿಲ್ಲದೆ ತಾನು ಯಾವ ಗುಂಪಿನವನೆಂದು ಯಾರಿಗೂ ತಿಳಿಯದು ಎಂದು ಅವರು ಹೇಳಿದಾಗ, ಗೆಳೆಯನ ಬಗ್ಗೆ ನನಗೆ ನಿಜಕ್ಕೂ ಆತಂಕವಾಯಿತು. ಅಂದೇ ಸಂಜೆ ಅವನಿಗೆ ಫೋನ್ ಮಾಡಿ ಎಲ್ಲವನ್ನೂ ತಿಳಿಸಿದೆ.

ಒಂದು ಕೊರತೆಯನ್ನು ಹೇಳಲೇಬೇಕು. ಕೌಂಟರಿನಲ್ಲಿದ್ದವರು ಹತ್ತಾರು ಜನರೆದುರು "ಯಾತಕ್ಕ ಬಂದೀರಿ, ಜೋರಾಗಿ ಹೇಳ್ರಿ" ಎಂದಾಗ ನನ್ನ ಹೆಂಡತಿ ತಲೆ ತಗ್ಗಿಸಿದಳು. ಇಂಥ ವಿಷಯಕ್ಕೆ ಬರುವ ಗಂಡಸರೇ ವಿರಳವಾಗಿರುವಾಗ, ಆ ಒಂದು ಪ್ರಶ್ನೆಯೇ ಎಷ್ಟೋ ಮಂದಿಯನ್ನು ಬಾಗಿಲಿನಿಂದಲೇ ಹಿಂದಿರುಗಿಸಬಲ್ಲದು. ಚೀಟಿಯಲ್ಲಿ ಬರೆದುಕೊಡುವ ವ್ಯವಸ್ಥೆ ಆಗಬೇಕು.

ಹಾರ್ಮೋನಿನ ಗರ್ಭನಿರೋಧಕ ಗಂಡಸರಿಗೆ ಇನ್ನೂ ಮಾರುಕಟ್ಟೆಗೆ ಬಂದಿಲ್ಲವಾದ್ದರಿಂದ, ಮತ್ತು ನಮಗೆ ಇನ್ನು ಮಕ್ಕಳು ಬೇಡವಾದ್ದರಿಂದ, ಹೊಲಿಗೆಯಿಲ್ಲದ ವ್ಯಾಸೆಕ್ಟಮಿಯನ್ನು, ಅಂದರೆ ಗಂಡಸರ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು, ಆರಿಸಿಕೊಂಡೆ. ಅದಾದ ಮೂರು ತಿಂಗಳಿಗೆ ವೀರ್ಯ ಪರೀಕ್ಷೆ ಮಾಡಿಸಬೇಕೆಂದೂ, ಅಲ್ಲಿಯವರೆಗೆ ಕಾಂಡೋಮ್ ಬಿಡಬಾರದೆಂದೂ ವೈದ್ಯೆ ನಮ್ಮಿಬ್ಬರಿಗೂ ಎರಡೆರಡು ಸಲ ಹೇಳಿ, ಪರೀಕ್ಷೆಯ ದಿನಾಂಕವನ್ನು ಚೀಟಿಯ ಮೇಲೆ ಕನ್ನಡದಲ್ಲೇ ಬರೆದುಕೊಟ್ಟರು.