ಗೋಡೆಯಾಚೆಯ ಹುಡುಗನೋ, ವಿಲ್ಲಾದ ಜೋಡಿಯೋ?

ಡೇಟಿಂಗ್ ಶೋ ನೋಡಬೇಕು, ಯಾವುದರಿಂದ ಶುರು ಮಾಡಲಿ ಅನ್ನುವವರ ಮುಂದೆ ಎರಡು ಆಯ್ಕೆ: ಅಮೆರಿಕದ ಎಬಿಸಿ ಟಿವಿ ವಾಹಿನಿಯಲ್ಲಿ 1965ರಲ್ಲಿ ಶುರುವಾದ ‘ದಿ ಡೇಟಿಂಗ್ ಗೇಮ್’, ಇಲ್ಲವೇ ಬ್ರಿಟನ್ನಿನ ಐಟಿವಿ2 ವಾಹಿನಿಯಲ್ಲಿ 2015ರಲ್ಲಿ ಶುರುವಾದ ‘ಲವ್ ಐಲ್ಯಾಂಡ್’.

ಮೊದಲನೆಯದು ಅರ್ಧ ಗಂಟೆಯ ಆಟ. ಗೋಡೆಯ ಆಚೆ ಮೂವರು ಹುಡುಗರು, ಈಚೆ ಒಬ್ಬ ಹುಡುಗಿ. ಹೆಸರು, ವಯಸ್ಸು, ಕೆಲಸ, ಸಂಬಳ ಕೇಳುವಂತಿಲ್ಲ. (ನಮ್ಮಲ್ಲಿ ಸಂಬಂಧ ನೋಡುವಾಗ ಮೊದಲು ಕೇಳುವುದೇ ಇವನ್ನು!) ತುಂಟ ಪ್ರಶ್ನೆ ಹಾಕಿ, ಬರೀ ಉತ್ತರ ಮತ್ತು ದನಿ ಕೇಳಿ ಒಬ್ಬನನ್ನು ಆರಿಸಬೇಕು. ಬೇಡವೆಂದ ಇಬ್ಬರು ಮೊದಲು ಗೋಡೆ ಸುತ್ತಿಕೊಂಡು ಎದುರಿಗೆ ಬರುತ್ತಾರೆ. ಆಗ ಅವಳ ಮುಖ ನೋಡಬೇಕು! ಕೊನೆಗೆ ಆರಿಸಿದವನು. ಆಮೇಲೆ ಇಬ್ಬರ ಸುತ್ತಾಟದ ಖರ್ಚು ಶೋನವರದ್ದು, ಜೊತೆಗೆ ಕಾವಲಿಗೊಬ್ಬರು.

ಎರಡನೆಯದಕ್ಕೆ ವಾರಗಟ್ಟಲೆ ಪುರುಸೊತ್ತು ಬೇಕು. ಹುಡುಗ ಹುಡುಗಿಯರು ಒಂದೇ ವಿಲ್ಲಾದಲ್ಲಿ, ಅಂದರೆ ದೊಡ್ಡ ಬಂಗಲೆಯಲ್ಲಿ, ಇದ್ದು ಜೋಡಿ ಕಟ್ಟಿಕೊಳ್ಳಬೇಕು. ಜೋಡಿ ಸಿಗದವರು ವಿಲ್ಲಾ ಬಿಡಬೇಕು. ವೀಕ್ಷಕರ ಓಟೂ ಉಂಟು. ಆರಂಭದ ಸೀಸನ್‌ಗಳಲ್ಲಿ ಗೆದ್ದ ಜೋಡಿಯ ಕೈಗೆ ಎರಡು ಲಕೋಟೆ, ಒಂದರಲ್ಲಿ 50,000 ಪೌಂಡ್. ಅದು ಸಿಕ್ಕವರು ಹಂಚಿಕೊಳ್ಳಬಹುದು, ಪೂರ್ತಿ ಇಟ್ಟುಕೊಳ್ಳಲೂಬಹುದು.

ಮುನಿಸು, ಚಾಡಿ, ಜೋಡಿ ಬದಲಾವಣೆ ಇಷ್ಟವಿದ್ದರೆ ಇದನ್ನೇ ನೋಡಿ. ನನ್ನ ಓಟು ಮಾತ್ರ ಹಳೆಯದಕ್ಕೆ: ಊಟ ಮುಗಿಯುವಷ್ಟರಲ್ಲಿ ಒಂದು ಕಂತು ಮುಗಿಯುತ್ತದೆ.