ಬ್ರೌಸರ್‌ನಲ್ಲಿ ಪಾಸ್‌ವರ್ಡ್ ಸೇವ್ ಮಾಡುವುದು: ಆರು ವರ್ಷ ಬಳಸಿದವನ ಅನುಭವ

ತುಮಕೂರಿನ ಮಂಡಿಪೇಟೆ ಹತ್ತಿರ ನನ್ನದೊಂದು ಸಣ್ಣ ಆಫೀಸಿದೆ. ಅಡಿಕೆ, ಕೊಬ್ಬರಿ ವ್ಯಾಪಾರಿಗಳ ಜಿಎಸ್‌ಟಿ ರಿಟರ್ನ್ ಹಾಕುವುದು ಕೆಲಸ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ನಾನು, ಇಬ್ಬರು ಹುಡುಗರು. ಪಾರ್ಟಿಗಳು ಸುಮಾರು 60. ಒಬ್ಬೊಬ್ಬರಿಗೂ ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್, ಇ-ವೇ ಬಿಲ್ ಅಂತ ಮೂರು ಲಾಗಿನ್. ಲೆಕ್ಕ ಹಾಕಿದರೆ 180 ಪಾಸ್‌ವರ್ಡ್. ಮೊದಲು ಇವೆಲ್ಲ ಒಂದು ಉದ್ದನೆ ನೋಟ್‌ಬುಕ್ಕಿನಲ್ಲಿದ್ದವು. 2019ರಲ್ಲಿ ಕ್ರೋಮ್ ಬ್ರೌಸರ್ 'ಸೇವ್ ಮಾಡಲೇ?' ಎಂದು ಕೇಳಿದಾಗ ಹೂಂ ಅಂದೆ. ಆಮೇಲೆ ಪ್ರತಿ ಸಲವೂ ಹೂಂ ಅನ್ನುತ್ತಾ ಹೋದೆ.

ಸುಖ ಇತ್ತು, ಸುಳ್ಳು ಹೇಳುವುದಿಲ್ಲ. ರಿಟರ್ನ್ ಹಾಕುವ ಕೊನೆ ದಿನಗಳಾದ 11ನೇ ತಾರೀಖು, 20ನೇ ತಾರೀಖು ಬಂದರೆ ನಮ್ಮಲ್ಲಿ ಜಾತ್ರೆ. ಯೂಸರ್‌ನೇಮಿನ ಎರಡು ಅಕ್ಷರ ಹೊಡೆದರೆ ಉಳಿದದ್ದು ತಾನೇ ತುಂಬಿಕೊಳ್ಳುತ್ತಿತ್ತು. ಇನ್ನೊಂದು ಲಾಭ ಆಮೇಲೆ ಗೊತ್ತಾಯಿತು. ಒಬ್ಬ ಸಾಹುಕಾರರು 'ರೀಫಂಡ್ ಬಂದಿದೆ' ಎಂಬ ಮೆಸೇಜ್ ಕಳಿಸಿ ನೋಡಿ ಅಂದರು. ಲಿಂಕ್ ಒತ್ತಿದೆ, ಪೇಜ್ ಥೇಟ್ ಇನ್‌ಕಮ್ ಟ್ಯಾಕ್ಸ್ ಪೇಜೇ. ಆದರೆ ಕ್ರೋಮ್ ಪಾಸ್‌ವರ್ಡ್ ತುಂಬಲಿಲ್ಲ. ಯಾಕಪ್ಪಾ ಅಂತ ಮೇಲೆ ವಿಳಾಸ ನೋಡಿದರೆ ಯಾವುದೋ ಬೇರೆ. ಬ್ರೌಸರ್ ಮುಖ ನೋಡುವುದಿಲ್ಲ, ವಿಳಾಸ ನೋಡುತ್ತದೆ. ನೋಟ್‌ಬುಕ್ ನೋಡಿ ಹೊಡೆಯುವ ಕಾಲವಾಗಿದ್ದರೆ ನಾನು ಖಂಡಿತ ಹೊಡೆದುಬಿಡುತ್ತಿದ್ದೆ.

ಈಗ ತಕರಾರಿಗೆ ಬರುತ್ತೇನೆ. ನಮ್ಮ ಆಫೀಸಿನ ವಿಂಡೋಸ್‌ಗೆ ಪಾಸ್‌ವರ್ಡೇ ಇರಲಿಲ್ಲ. ಸ್ವಿಚ್ ಒತ್ತಿದರೆ ನೇರ ಡೆಸ್ಕ್‌ಟಾಪ್. ಯಾರು ಬೇಕಾದರೂ ಕೂರಬಹುದು ಅಂತ ಹಾಗೆ ಇಟ್ಟಿದ್ದೆವು. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಕಣ್ಣಿನ ಗುರುತು ಒತ್ತಿದರೆ ಪಾಸ್‌ವರ್ಡ್ ಕಾಣುತ್ತದಲ್ಲ, ಆಗ ಅದು ವಿಂಡೋಸ್ ಪಾಸ್‌ವರ್ಡ್ ಕೇಳಬೇಕು. ವಿಂಡೋಸ್‌ಗೇ ಪಾಸ್‌ವರ್ಡ್ ಇಲ್ಲದಿದ್ದರೆ ಏನು ಕೇಳುತ್ತದೆ? ಸುಮ್ನೆ ತೋರಿಸುತ್ತದೆ. ಇದನ್ನು ಸರಿಮಾಡಿದೆ ಅಂತ ನಾನು ಜಂಬದಲ್ಲಿದ್ದಾಗ, ಕಾಲೇಜಿನಿಂದ ತರಬೇತಿಗೆ ಬಂದಿದ್ದ ಹುಡುಗನೊಬ್ಬ ಲಾಗಿನ್ ಪೇಜಿನಲ್ಲಿ ಚುಕ್ಕಿಗಳ ಮೇಲೆ ರೈಟ್ ಕ್ಲಿಕ್ ಮಾಡಿ, 'ಇನ್‌ಸ್ಪೆಕ್ಟ್' ಒತ್ತಿ, 'ಪಾಸ್‌ವರ್ಡ್' ಎಂಬ ಒಂದು ಪದದ ಜಾಗದಲ್ಲಿ 'ಟೆಕ್ಸ್ಟ್' ಎಂದು ಹೊಡೆದ. ಚುಕ್ಕಿ ಹೋಗಿ ಅಕ್ಷರ ಬಂತು. ಹತ್ತು ಸೆಕೆಂಡ್ ಆಗಿರಬಹುದು. 'ಇಷ್ಟೇ ಸಾರ್' ಅಂದ.

ಆವತ್ತು ರಾತ್ರಿ ಕೂತು ಇದೆಲ್ಲ ಹೇಗೆ ಕೆಲಸ ಮಾಡುತ್ತದೆ ಅಂತ ಓದಿದೆ. ಕ್ರೋಮ್ ನಮ್ಮ ಪಾಸ್‌ವರ್ಡ್‌ಗಳನ್ನು 'ಲಾಗಿನ್ ಡೇಟಾ' ಎಂಬ ಫೈಲಿನಲ್ಲಿ ಇಡುತ್ತದೆ. 2020ರಿಂದ ವಿಂಡೋಸ್‌ನಲ್ಲಿ ಅದಕ್ಕೆ 256 ಬಿಟ್ಟಿನ ಎಇಎಸ್ ಬೀಗ, ಅಂದರೆ ಅಕ್ಷರಗಳನ್ನು ಓದಲಾಗದ ಹಾಗೆ ಕಲಸಿಡುವ ವಿಧಾನ. ಬೀಗ ಗಟ್ಟಿಯೇ. ಬೀಗದ ಕೈ ಮಾತ್ರ ಅದೇ ಕಂಪ್ಯೂಟರಿನ 'ಲೋಕಲ್ ಸ್ಟೇಟ್' ಫೈಲಿನಲ್ಲಿರುತ್ತದೆ. ಅದನ್ನು ವಿಂಡೋಸ್ ತನ್ನ ಡಿಪಿಎಪಿಐ ಎಂಬ ವ್ಯವಸ್ಥೆಯಲ್ಲಿ ಸುತ್ತಿಟ್ಟಿರುತ್ತದೆ. ನೀವು ವಿಂಡೋಸ್‌ಗೆ ಲಾಗಿನ್ ಆಗಿದ್ದೀರಿ ಅಂದರೆ, ನಿಮ್ಮ ಹೆಸರಿನಲ್ಲಿ ಓಡುವ ಯಾವ ಪ್ರೋಗ್ರಾಂ ಕೇಳಿದರೂ ಸುತ್ತಿದ್ದನ್ನು ಬಿಚ್ಚಿ ಕೊಡುತ್ತದೆ. ನಮ್ಮೂರಲ್ಲಿ ಮನೆಗೆ ಬೀಗ ಹಾಕಿ, ಕೈಯನ್ನು ಬಾಗಿಲ ಪಕ್ಕದ ಗೂಡಿನಲ್ಲಿ ಇಟ್ಟು ತೋಟಕ್ಕೆ ಹೋಗುತ್ತಾರಲ್ಲ, ಹಾಗೆ. ಹೊರಗಿನವನಿಗೆ ಬೀಗ, ಮನೆಯವನಿಗೆ ಗೂಡು. ಮನೆಯವನ ವೇಷದಲ್ಲಿ ಬಂದವನಿಗೂ ಗೂಡು.

ವೇಷದವನು ಬಂದದ್ದು 2023ರಲ್ಲಿ. ನಮ್ಮ ಹುಡುಗನೇ ಪಿಡಿಎಫ್ ಜೋಡಿಸಲು ಯಾವುದೋ ಕ್ರ್ಯಾಕ್ ಸಾಫ್ಟ್‌ವೇರ್ ಇಳಿಸಿದ. ದುಡ್ಡು ಕೊಟ್ಟು ಕೊಂಡಿಲ್ಲದ್ದು ನನ್ನ ತಪ್ಪು, ಅವನದಲ್ಲ. ಮೂರನೇ ದಿನಕ್ಕೆ ಇಬ್ಬರು ಪಾರ್ಟಿಗಳ ಇಮೇಲ್ ಪಾಸ್‌ವರ್ಡ್ ಬದಲಾಗಿತ್ತು. ಇಂಥ ಕಳ್ಳ ಪ್ರೋಗ್ರಾಂಗಳು ಬಂದವೇ ಬ್ರೌಸರ್ ಫೈಲ್‌ಗಳನ್ನು ಎತ್ತಿಕೊಂಡು ಹೋಗುತ್ತವೆ, ನಿಮಗೆ ಸದ್ದೇ ಕೇಳುವುದಿಲ್ಲ. ಆವತ್ತು 18ನೇ ತಾರೀಖು. 180 ಪಾಸ್‌ವರ್ಡ್ ಬದಲಾಯಿಸುತ್ತಾ, ಒಂದೊಂದು ಓಟಿಪಿಗೂ ಫೋನ್ ಮಾಡಿ ಬೈಸಿಕೊಳ್ಳುತ್ತಾ ಎರಡು ದಿನ ಕಳೆದೆವು. ಇಬ್ಬರದು ಲೇಟ್ ಫೀ ನಾನೇ ಕಟ್ಟಿದೆ.

2024ರ ಜುಲೈನಲ್ಲಿ ಬಂದ ಕ್ರೋಮ್ 127ರಿಂದ ವಿಂಡೋಸ್‌ನಲ್ಲಿ ಹೊಸ ಕಾವಲು ಶುರುವಾಯಿತು. ಕೇಳುತ್ತಿರುವುದು ನಿಜವಾಗಿ ಕ್ರೋಮೇ ಹೌದಾ ಅಂತ ನೋಡಿ ಬೀಗದ ಕೈ ಒಪ್ಪಿಸುವ ಏರ್ಪಾಟು. ಮೊದಲು ಕುಕೀಗಳಿಗೆ, ಅಂದರೆ ನೀವು ಲಾಗಿನ್ ಆಗಿದ್ದೀರಿ ಅಂತ ಸೈಟುಗಳು ನೆನಪಿಡಲು ಬ್ರೌಸರಿನಲ್ಲಿ ಇಡುವ ಚಿಕ್ಕ ಗುರುತುಗಳಿಗೆ ಬಂತು. ಒಳ್ಳೆಯದೇ. ಆದರೆ ಕೆಲವೇ ತಿಂಗಳಲ್ಲಿ ಕಳ್ಳರು ಅದನ್ನೂ ದಾಟುವ ದಾರಿ ಹುಡುಕಿದರು. ಕಂಪ್ಯೂಟರಿನಲ್ಲಿ ಏನು ಬೇಕಾದರೂ ಬದಲಾಯಿಸಬಲ್ಲ ಅಡ್ಮಿನ್ ಅಕೌಂಟಿನಲ್ಲೇ ದಿನವಿಡೀ ಕೆಲಸ ಮಾಡುವ ನಮ್ಮಂಥವರಿಗೆ ಈ ಕಾವಲು ಇನ್ನೂ ತೆಳು.

ನಡುವೆ ಸುಮಾರು ಒಂದು ವರ್ಷ ಫೈರ್‌ಫಾಕ್ಸ್ ಎಂಬ ಇನ್ನೊಂದು ಬ್ರೌಸರ್ ಬಳಸಿದೆ. ಅದರಲ್ಲಿ ನನಗೆ ಹಿಡಿಸಿದ್ದು ಪ್ರೈಮರಿ ಪಾಸ್‌ವರ್ಡ್, ಅಂದರೆ ಸೇವ್ ಆದ ಎಲ್ಲ ಪಾಸ್‌ವರ್ಡ್‌ಗಳನ್ನು ಕಾಯುವ ಒಂದು ಪಾಸ್‌ವರ್ಡ್. 2020ರವರೆಗೆ ಅದಕ್ಕೆ ಮಾಸ್ಟರ್ ಪಾಸ್‌ವರ್ಡ್ ಅನ್ನುತ್ತಿದ್ದರು. ಅದನ್ನು ಇಟ್ಟರೆ ಬೀಗದ ಕೈ ನಿಮ್ಮ ತಲೆಯಲ್ಲಿರುತ್ತದೆ, ಗೂಡಿನಲ್ಲಲ್ಲ. ಬೇಜಾರೇನೆಂದರೆ, ನೀವಾಗಿ ಹುಡುಕಿ ಹಾಕಿಕೊಳ್ಳದಿದ್ದರೆ ಅದು ಇರುವುದೇ ಇಲ್ಲ. ಅದಿಲ್ಲದೆ ಪರೀಕ್ಷೆ ಮಾಡಿದೆ: ಪ್ರೊಫೈಲ್ ಫೋಲ್ಡರ್‌ನಿಂದ ಎರಡೇ ಫೈಲ್, ಲಾಗಿನ್ಸ್ ಜೇಸನ್ ಮತ್ತು ಕೀ4 ಡಿಬಿ, ಪೆನ್‌ಡ್ರೈವ್‌ಗೆ ಹಾಕಿಕೊಂಡು ಮನೆಯ ಲ್ಯಾಪ್‌ಟಾಪ್‌ನ ಫೈರ್‌ಫಾಕ್ಸ್‌ನಲ್ಲಿಟ್ಟೆ. ಎಲ್ಲ ಪಾಸ್‌ವರ್ಡೂ ಹಾಜರ್. ಪ್ರೈಮರಿ ಪಾಸ್‌ವರ್ಡ್ ಹಾಕಿದರೂ ಒಂದು ಸಲ ಹೊಡೆದ ಮೇಲೆ ಬ್ರೌಸರ್ ಮುಚ್ಚುವವರೆಗೆ ಕೇಳುವುದಿಲ್ಲ. ನಮ್ಮ ಹುಡುಗರು ಟೀಗೆ ಹೋದರೆ ಅರ್ಧ ಗಂಟೆ, ಗೊತ್ತಲ್ಲ.

ಮನೆಯ ಹಳೇ ಲ್ಯಾಪ್‌ಟಾಪ್ ಲಿನಕ್ಸ್‌ನದು. ಅಲ್ಲಿ ಪಾಸ್‌ವರ್ಡ್ ಕಾಯುವ ಕೀರಿಂಗ್ ಇಲ್ಲದಿದ್ದರೆ ಕ್ರೋಮ್ ಒಂದು ಸಿದ್ಧ ಗುಟ್ಟು ಪದದಿಂದಲೇ ಬೀಗ ಹಾಕುತ್ತದೆ. ಆ ಪದ 'ಪೀನಟ್ಸ್'. ಕಡಲೆಕಾಯಿ! ಪಾವಗಡದ ನನ್ನ ಮಾವನಿಗೆ ಹೇಳಿದಾಗ, 'ನಮ್ಮೂರವರು ಯಾರೋ ಬರೆದಿರಬೇಕು ಬಿಡಿ ಅಳಿಯಂದಿರೇ' ಅಂದರು.

ಇನ್ನು ಎಕ್ಸ್‌ಪೋರ್ಟ್. ಕ್ರೋಮ್‌ನಿಂದ ಪಾಸ್‌ವರ್ಡ್ ಹೊರತೆಗೆದರೆ ಸಿಎಸ್‌ವಿ ಫೈಲ್ ಬರುತ್ತದೆ. ಬೀಗ ಇಲ್ಲ, ಏನಿಲ್ಲ, ಎಕ್ಸೆಲ್‌ನಲ್ಲಿ ತೆರೆದರೆ ಎಲ್ಲ ಬಿಚ್ಚು. ನನ್ನದು ಎಂಟು ತಿಂಗಳು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಹಾಗೇ ಬಿದ್ದಿತ್ತು. ನಡುವೆ ಒಂದು ಸಲ ಆ ಕಂಪ್ಯೂಟರ್ ರಿಪೇರಿಗೂ ಹೋಗಿ ಬಂದಿತ್ತು, ವಿಂಡೋಸ್ ಪಾಸ್‌ವರ್ಡನ್ನು ನಾನೇ ಚೀಟಿಯಲ್ಲಿ ಬರೆದು ಅಂಟಿಸಿ ಕಳಿಸಿದ್ದೆ. ನೆನೆದರೆ ಈಗಲೂ ಬೆವರುತ್ತೇನೆ.

ನನ್ನ ಲೆಕ್ಕದಲ್ಲಿ, ಒಬ್ಬರೇ ಬಳಸುವ, ವಿಂಡೋಸ್‌ಗೆ ಪಾಸ್‌ವರ್ಡ್ ಇರುವ ಕಂಪ್ಯೂಟರಿಗೆ ಕ್ರೋಮ್‌ಗೆ ಐದಕ್ಕೆ ಮೂರೂವರೆ. ಪ್ರೈಮರಿ ಪಾಸ್‌ವರ್ಡ್ ಹಾಕಿದ ಫೈರ್‌ಫಾಕ್ಸ್‌ಗೆ ನಾಲ್ಕು. ನಾಲ್ಕು ಜನ ಕೂರುವ ಆಫೀಸಿಗೆ, ಊರವರ ಪಾಸ್‌ವರ್ಡ್ ಇಡುವುದಕ್ಕೆ, ಎರಡು ಬ್ರೌಸರಿಗೂ ಐದಕ್ಕೆ ಒಂದೇ ಅಂಕ.

ಈಗ ಪಾರ್ಟಿಗಳದ್ದೆಲ್ಲ ಕೀಪಾಸ್‌ಎಕ್ಸ್‌ಸಿ ಎಂಬ, ಪಾಸ್‌ವರ್ಡ್ ಇಡುವುದಕ್ಕೆಂದೇ ಇರುವ ಪ್ರೋಗ್ರಾಂನಲ್ಲಿದೆ. ಉಚಿತ, ಒಂದೇ ಫೈಲ್, ಸ್ವಲ್ಪ ಹೊತ್ತು ಮುಟ್ಟದಿದ್ದರೆ ತಾನೇ ಮುಚ್ಚಿಕೊಳ್ಳುವ ಹಾಗೆ ಇಟ್ಟಿದ್ದೇನೆ. ಕಳ್ಳ ಪ್ರೋಗ್ರಾಂ ಒಳಗೇ ಕೂತಿದ್ದರೆ ಇದೂ ಪೂರ್ತಿ ಕಾಪಾಡುವುದಿಲ್ಲ, ನಾನು ಹೊಡೆಯುವ ಅಕ್ಷರವನ್ನೇ ಅದು ಕದ್ದು ನೋಡಬಹುದು. ಅದಕ್ಕೇ ಹುಡುಗರಿಗೆ ಅಡ್ಮಿನ್ ಅಲ್ಲದ ಬೇರೆ ಬೇರೆ ಲಾಗಿನ್ ಕೊಟ್ಟೆ, ಪಿಡಿಎಫ್ ಸಾಫ್ಟ್‌ವೇರ್ ದುಡ್ಡು ಕೊಟ್ಟು ತಂದೆ. ಫೈಲಿನ ಒಂದು ನಕಲು ಪೆನ್‌ಡ್ರೈವ್‌ನಲ್ಲಿ ಮನೆಯ ಬೀರುವಿನಲ್ಲಿದೆ. ಕ್ರೋಮ್‌ನಲ್ಲಿ ಉಳಿದಿರುವುದು ಕರೆಂಟ್ ಬಿಲ್ಲಿನ ಲಾಗಿನ್ ಒಂದೇ.

ಇಷ್ಟೆಲ್ಲ ಆದ ಮೇಲೆ ಮೊನ್ನೆ ತಿಪಟೂರಿನಿಂದ ಒಬ್ಬರು ಸಾಹುಕಾರರ ಫೋನ್: 'ಸಾರ್, ನಮ್ ಪಾಸ್‌ವರ್ಡ್ ಮರೆತೋಗಿದೆ, ನಮ್ ಮಂಡಿ ವಾಟ್ಸಾಪ್ ಗ್ರೂಪಿಗೇ ಹಾಕ್ಬಿಡಿ, ಎಲ್ಲರಿಗೂ ಗೊತ್ತಿರ್ಲಿ.'